ಮನೆ ಬೆಲೆ ಏರುತ್ತಲೇ ಇದೆ, ಶಾಲೆಯ ಖಜಾನೆ ಮಾತ್ರ ಯಾಕೆ ಬರಿದಾಗುತ್ತಿದೆ?

ಪ್ರಶ್ನೆ: ಸರ್, ನಮಸ್ಕಾರ. ನಾವು ಹಾಸನದ ಕಡೆಯವರು, ಈಗ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿದ್ದೇವೆ. ಶಾಲೆ ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ 2019ರಲ್ಲಿ 16 ಲಕ್ಷ ಡಾಲರ್ ಕೊಟ್ಟು ಹಳೇ ಮನೆ ತಗೊಂಡ್ವಿ. ವರ್ಷಕ್ಕೆ 20 ಸಾವಿರ ಡಾಲರ್ ಆಸುಪಾಸು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಿ. ಸುತ್ತಮುತ್ತ ಮನೆ ಬೆಲೆ ಏರ್ತಾನೇ ಇದೆ. ಆದ್ರೆ ಸ್ಕೂಲ್ ಡಿಸ್ಟ್ರಿಕ್ಟಿನವರು ಮೂರು ವರ್ಷದಿಂದ ದುಡ್ಡಿಲ್ಲ ಅಂತಲೇ ಹೇಳ್ತಿದ್ದಾರೆ. ಲೈಬ್ರರಿ ನೋಡಿಕೊಳ್ತಿದ್ದವರನ್ನ ತೆಗೆದರು. ಈಗ ಮಗಳ ಶಾಲೆಯನ್ನೇ ಮುಚ್ಚಿ ಪಕ್ಕದ್ದಕ್ಕೆ ಸೇರಿಸ್ತಾರಂತೆ. ಅದೇ ಹೊತ್ತಿಗೆ ಮಿಡಲ್ ಸ್ಕೂಲಲ್ಲಿ ಹೊಸ ಕಟ್ಟಡ ಏಳ್ತಿದೆ. ಸಾಲದ್ದಕ್ಕೆ ಶಾಲೆಗೆ ದುಡ್ಡು ಕೂಡಿಸೋ ಫೌಂಡೇಶನ್‌ಗೆ ಡೊನೇಶನ್ ಕೊಡಿ ಅಂತ ವಾರಕ್ಕೊಂದು ಇಮೇಲ್. ಇಷ್ಟು ದುಡ್ಡು ಎಲ್ಲಿಗೆ ಹೋಗ್ತಿದೆ? ಯಾರಾದರೂ ತಿಂತಿದ್ದಾರಾ? ನಾವು ಡೊನೇಶನ್ ಕೊಡಬೇಕಾ?

ಉತ್ತರ: ಕೊನೆಯ ಅನುಮಾನದಿಂದಲೇ ಶುರುಮಾಡುತ್ತೇನೆ. ಈ ರಾಜ್ಯದ ಒಂದು ಸ್ಕೂಲ್ ಡಿಸ್ಟ್ರಿಕ್ಟಿನ ಲೆಕ್ಕಪತ್ರ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದೆ. ಕಳ್ಳತನದಿಂದ ಮುಳುಗಿದ ಡಿಸ್ಟ್ರಿಕ್ಟನ್ನು ಹತ್ತಿರದಿಂದ ನೋಡಲೇ ಇಲ್ಲ. ನಾನು ಕಂಡಂತೆ ಮುಳುಗಿದ್ದೆಲ್ಲ ಇಂಚಿಂಚಾಗಿ, ಎಲ್ಲರ ಕಣ್ಣೆದುರಿಗೆ, ಬೋರ್ಡ್ ಮೀಟಿಂಗಿನಲ್ಲಿ ಕೈಯೆತ್ತಿ ಒಪ್ಪಿಕೊಂಡೇ ಮುಳುಗಿದ್ದು. ತಿಂದವರಿದ್ದರೆ ಹಿಡಿದು ಹೊರಗೆ ಹಾಕಬಹುದಿತ್ತು, ಕೆಲಸ ಸಲೀಸಾಗುತ್ತಿತ್ತು.

ಅಸಲು ತೊಡಕು ಇಷ್ಟು: ಡಿಸ್ಟ್ರಿಕ್ಟಿಗೆ ದುಡ್ಡು ಬರುವುದು ಮಕ್ಕಳ ತಲೆ ಎಣಿಸಿ. ಖರ್ಚಾಗುವುದು ತರಗತಿ ಎಣಿಸಿ, ಕಟ್ಟಡ ಎಣಿಸಿ, ಹಿಂದೆ ಕೊಟ್ಟ ಮಾತುಗಳನ್ನು ಎಣಿಸಿ. ತಲೆ ಕಡಿಮೆಯಾದಷ್ಟು ಬೇಗ ಉಳಿದ ಮೂರು ಕಡಿಮೆಯಾಗುವುದಿಲ್ಲ.

ನಮ್ಮೂರಿನ ಸರ್ಕಾರಿ ಶಾಲೆ ನೋಡಿ ಬಂದವರಿಗೆ ಇದು ತಟ್ಟನೆ ಹೊಳೆಯದು. ಹಾಸನ ಜಿಲ್ಲೆಯ ಯಾವುದೋ ಹಳ್ಳಿಯ ಶಾಲೆಯಲ್ಲಿ ಮಕ್ಕಳು ಹನ್ನೆರಡಕ್ಕೆ ಇಳಿದರೆ ಮೇಷ್ಟ್ರಿಗೆ ವರ್ಗವಾಗಬಹುದು, ಶಾಲೆ ಪಕ್ಕದೂರಿಗೆ ವಿಲೀನವಾಗಬಹುದು. ಆದರೆ ಆ ಶಾಲೆ ಸಾಲ ತೀರಿಸಲಾರದೆ ದಿವಾಳಿಯಾಯಿತು ಎಂದು ಯಾರೂ ಕೇಳಿಲ್ಲ. ಸಂಬಳ ರಾಜ್ಯದ ಖಜಾನೆಯಿಂದ ನೇರವಾಗಿ ಬರುತ್ತದೆ, ಎಸ್‌ಡಿಎಂಸಿಯವರಿಗೆ ಅದರ ಗೊಡವೆ ಇಲ್ಲ. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಹಾಗಲ್ಲ. ಅದೊಂದು ಪ್ರತ್ಯೇಕ ಸ್ಥಳೀಯ ಸರ್ಕಾರ. ಚುನಾಯಿತ ಬೋರ್ಡ್, ತನ್ನದೇ ಬಜೆಟ್, ತನ್ನದೇ ನೌಕರರು, ತನ್ನದೇ ಸಾಲ ಎಲ್ಲ ಉಂಟು. ದಿವಾಳಿಯಾಗುವುದೂ ಉಂಟು. ನಿಮ್ಮ ಪಕ್ಕದ ಸ್ಯಾನ್ ಹೋಸೆ ಯೂನಿಫೈಡ್ ಡಿಸ್ಟ್ರಿಕ್ಟ್ 1983ರಲ್ಲಿ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿಯನ್ನೇ ಹಾಕಿತ್ತು.

ಈಗ ನಿಮ್ಮ 20 ಸಾವಿರ ಡಾಲರಿಗೆ ಬರೋಣ. ತೆರಿಗೆ ಹೆಚ್ಚು ಕಟ್ಟಿದರೆ ಶಾಲೆಗೆ ಹೆಚ್ಚು ಹೋಗುತ್ತದೆ ಎಂಬುದು ಈ ರಾಜ್ಯದಲ್ಲಿ ಎಲ್ಲರೂ ನಂಬಿರುವ ಮಾತು. ಬಹುಪಾಲು ಡಿಸ್ಟ್ರಿಕ್ಟುಗಳ ಮಟ್ಟಿಗೆ ಅದು ಸುಳ್ಳು.

ಬೇಸಿಗೆಯಲ್ಲಿ ನಮ್ಮ ಬೀದಿಗಳಲ್ಲಿ ನೀರು ಹಂಚುವುದನ್ನು ನೆನಪಿಸಿಕೊಳ್ಳಿ. ಮನೆಗೆ ಇಷ್ಟು ಕೊಡ ಎಂದು ಲೆಕ್ಕ ಗೊತ್ತುಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲು ಊರ ಬಾವಿಯ ನೀರು. ಅದು ಸಾಲದೆ ಬಂದಷ್ಟನ್ನು ಮಾತ್ರ ಟ್ಯಾಂಕರಿನವನು ತುಂಬುತ್ತಾನೆ. ಬಾವಿಯಲ್ಲಿ ಎರಡು ಕೊಡ ಹೆಚ್ಚು ಸಿಕ್ಕರೆ ಟ್ಯಾಂಕರಿನವನು ಎರಡು ಕೊಡ ಕಡಿಮೆ ಸುರಿಯುತ್ತಾನೆ. ನಿಮ್ಮ ಮನೆಗೆ ಬರುವ ನೀರು ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 2013ರಿಂದ ಜಾರಿಯಲ್ಲಿರುವ ಎಲ್‌ಸಿಎಫ್‌ಎಫ್ (ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ) ಎಂಬ, ಶಾಲೆಗೆ ದುಡ್ಡು ಹಂಚುವ ಸೂತ್ರದ ನಡೆ ಹೀಗೇ. ಒಂದು ಮಗುವಿಗೆ ಇಷ್ಟು ಎಂದು ರಾಜ್ಯ ಗೊತ್ತುಮಾಡುತ್ತದೆ. ಕೆಳಗಿನ ತರಗತಿಗಳಲ್ಲಿ ಅದು ಈಗ ವರ್ಷಕ್ಕೆ ಸುಮಾರು 10ರಿಂದ 11 ಸಾವಿರ ಡಾಲರ್. ಬಡ ಕುಟುಂಬದ, ಇಂಗ್ಲಿಷ್ ಇನ್ನೂ ಕಲಿಯುತ್ತಿರುವ ಮಕ್ಕಳಿದ್ದರೆ ಅದರ ಮೇಲೆ ಹೆಚ್ಚುವರಿ. ನಿಮ್ಮ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ಶಾಲೆಯ ಪಾಲು ಬಾವಿಯ ನೀರು, ಉಳಿದದ್ದು ರಾಜ್ಯದ ಟ್ಯಾಂಕರ್. ನಿಮ್ಮ ಬೀದಿಯ ಮನೆಗಳ ಬೆಲೆ ಎರಡು ಪಟ್ಟಾದರೂ ನಿಮ್ಮ ಮಗಳ ಶಾಲೆಗೆ ಬಿಡಿಗಾಸು ಹೆಚ್ಚು ಬರುವುದಿಲ್ಲ. ರಾಜ್ಯಕ್ಕೆ ಅಷ್ಟು ಉಳಿತಾಯ.

ಕೆಲವು ಡಿಸ್ಟ್ರಿಕ್ಟುಗಳಲ್ಲಿ ಬಾವಿಯೇ ಉಕ್ಕಿ ಹರಿಯುತ್ತದೆ. ಕೊಡಗಳ ಲೆಕ್ಕ ಮೀರಿ ಬಂದ ತೆರಿಗೆಯನ್ನು ಅವರೇ ಇಟ್ಟುಕೊಳ್ಳಬಹುದು. ಪಾಲೋ ಆಲ್ಟೋ ಅಂಥದ್ದು. ಇವನ್ನು ಬೇಸಿಕ್ ಏಡ್ ಡಿಸ್ಟ್ರಿಕ್ಟ್ ಎನ್ನುತ್ತಾರೆ, ಈಚೆಗೆ ಕಮ್ಯುನಿಟಿ ಫಂಡೆಡ್ ಎಂಬ ಹೆಸರೂ ಇದೆ. ನಿಮ್ಮದು ಯಾವುದು ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ಮುಂದಿನ ಮಾತೆಲ್ಲ ನಿಮ್ಮದು ಟ್ಯಾಂಕರಿನ ಕಡೆಯದು ಎಂಬ ಊಹೆಯ ಮೇಲೆ.

ಈ ಏರ್ಪಾಡಿಗೆ ಹಳೆಯ ಕಥೆಯಿದೆ. ಸಿರಿವಂತ ಊರಿನ ಶಾಲೆ ಸಿರಿವಂತ, ಬಡ ಊರಿನದು ಬಡ ಎಂಬುದು ಸರಿಯಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1971ರಲ್ಲಿ ಸೆರಾನೋ ಮೊಕದ್ದಮೆಯಲ್ಲಿ ಹೇಳಿತು. ಆಮೇಲೆ 1978ರ ಜೂನಿನಲ್ಲಿ ಮತದಾರರು ನೇರ ಮತದಾನದಲ್ಲಿ ಪ್ರಪೊಸಿಷನ್ 13 ಎಂಬ ಕಾನೂನು ತಂದರು. ಮೂಲ ತೆರಿಗೆ ಶೇ 1ನ್ನು ಮೀರಬಾರದು, ಮನೆ ಮಾರಾಟವಾಗುವ ತನಕ ತೆರಿಗೆಗೆ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಏರಬಾರದು. ನಿಮ್ಮ ಎದುರು ಮನೆಯ ಅಜ್ಜ 1980ರಲ್ಲಿ 1 ಲಕ್ಷದ 20 ಸಾವಿರಕ್ಕೆ ತೆಗೆದುಕೊಂಡಿದ್ದರೆ ಇವತ್ತಿಗೂ ಅವರ ಮೂಲ ತೆರಿಗೆ 3 ಸಾವಿರ ಡಾಲರ್ ದಾಟುವುದಿಲ್ಲ. ನೀವು ಅದರ ಐದಾರು ಪಟ್ಟು ಕಟ್ಟುತ್ತೀರಿ. ಹೊಟ್ಟೆ ಉರಿಯುತ್ತದೆ, ನಿಜ. ಆದರೆ ನಮ್ಮ ವಿಷಯಕ್ಕೆ ಮುಖ್ಯವಾದದ್ದು ತೆರಿಗೆಯ ಈ ಅಂತರವಲ್ಲ. ಆ ಅಜ್ಜ ಮನೆ ಬಿಟ್ಟು ಹೋಗುವುದಿಲ್ಲ ಎಂಬುದು. ಹೋದರೆ ಆ ಹಳೇ ತೆರಿಗೆ ಕೈತಪ್ಪುತ್ತದೆ. ರಾಜ್ಯದೊಳಗೆ ಎಲ್ಲಿಗೆ ಹೋದರೂ ಅದನ್ನು ಕೊಂಡೊಯ್ಯಬಹುದು ಎಂದು ಹಿರಿಯರಿಗೆ ಈಚೆಗೆ ಕಾನೂನು ಸಡಿಲಿಸಿದ್ದಾರೆ, ಆದರೂ ಜನ ಕದಲುವುದು ಕಡಿಮೆ. ಅವರ ಮಕ್ಕಳು ಶಾಲೆ ಮುಗಿಸಿ ಮೂವತ್ತು ವರ್ಷವಾಯಿತು. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಇಬ್ಬರೇ. ಆ ಮನೆಯಿಂದ ಶಾಲೆಗೆ ಒಂದು ತಲೆಯೂ ಬರುವುದಿಲ್ಲ.

ಅಂಥ ಬೀದಿಗಳನ್ನು ಕೂಡಿಸುತ್ತಾ ಹೋಗಿ. ಖಾಲಿಯಾದ ಮನೆಗೆ ಬರಬೇಕಾದ ಎಳೇ ಸಂಸಾರಗಳಿಗೆ 16, 20 ಲಕ್ಷ ಡಾಲರ್ ಎಲ್ಲಿಂದ ಹುಟ್ಟಬೇಕು? ಅವರು ಮನೆ ಅಗ್ಗವಿರುವ ಟ್ರೇಸಿ, ಮೌಂಟನ್ ಹೌಸ್ ಊರುಗಳ ಕಡೆಗೋ, ಟೆಕ್ಸಸ್ಸಿಗೋ ಹೋಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 1990ರಲ್ಲಿ ಹುಟ್ಟಿದ ಮಕ್ಕಳು 6 ಲಕ್ಷಕ್ಕೂ ಹೆಚ್ಚು. ಈಗ ವರ್ಷಕ್ಕೆ ಸುಮಾರು 4 ಲಕ್ಷ. ಸಾರ್ವಜನಿಕ ಶಾಲೆಗಳಲ್ಲಿ ಹತ್ತು ವರ್ಷದ ಹಿಂದೆ 62 ಲಕ್ಷ ಮಕ್ಕಳಿದ್ದರು, 2023-24ರ ಹೊತ್ತಿಗೆ 58 ಲಕ್ಷ ಚಿಲ್ಲರೆ. ಆಪಲ್ ಕಂಪನಿಯ ಊರು, ನಮ್ಮವರು ಮನೆಗಾಗಿ ಮುಗಿಬೀಳುವ ಊರು ಕೂಪರ್ಟಿನೋ. ಅಲ್ಲಿನ ಪ್ರಾಥಮಿಕ ಡಿಸ್ಟ್ರಿಕ್ಟಿನಲ್ಲಿ ಒಂದು ಕಾಲಕ್ಕೆ 19 ಸಾವಿರ ಮಕ್ಕಳಿದ್ದರು. ಅದು 14 ಸಾವಿರದ ಆಸುಪಾಸಿಗೆ ಇಳಿದಾಗ 2022ರಲ್ಲಿ ಅವರೂ ಶಾಲೆ ಮುಚ್ಚಬೇಕಾಯಿತು. ಅಂಕಗಳು ಚೆನ್ನಾಗಿಲ್ಲವೆಂದೇನೂ ಅಲ್ಲ. ಶಾಲೆಯ ಹೆಸರಿನಿಂದಲೇ ಮನೆ ಬೆಲೆ ಏರಿತು, ಏರಿದ ಬೆಲೆ ಮಕ್ಕಳಿರುವ ಸಂಸಾರವನ್ನು ಹೊರಗಿಟ್ಟಿತು. ಒಳ್ಳೆಯ ಶಾಲೆ ತನ್ನ ಕೊಂಬೆಯನ್ನು ತಾನೇ ಕಡಿದುಕೊಂಡ ಹಾಗೆ.

ಮಕ್ಕಳು ಕಡಿಮೆಯಾದರೆ ಖರ್ಚೂ ಕಡಿಮೆಯಾಗಬೇಕಲ್ಲ ಎನ್ನುತ್ತೀರಿ. ಕಾಗದ ಪೆನ್ಸಿಲು ತೆಗೆದುಕೊಂಡು ಕೂತರೆ ಯಾಕಾಗುವುದಿಲ್ಲ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕಿಂಡರ್‌ಗಾರ್ಟನ್‌ನಿಂದ ಐದನೆಯ ತರಗತಿವರೆಗಿನ ಒಂದು ಶಾಲೆ. ಆರು ತರಗತಿ, ಒಂದೊಂದಕ್ಕೂ ಮೂರು ಸೆಕ್ಷನ್, ಸೆಕ್ಷನ್ನಿಗೆ 24 ಮಕ್ಕಳು. ಒಟ್ಟು 432. ಎರಡು ವರ್ಷದಲ್ಲಿ 36 ಮಕ್ಕಳು ಕಡಿಮೆಯಾದರು. ಎಲ್ಲ ಒಂದೇ ತರಗತಿಯಿಂದ ಹೋದರೆ ಒಬ್ಬ ಟೀಚರನ್ನು ಬೇರೆಡೆಗೆ ಕಳಿಸಬಹುದು. ಆದರೆ ಮಕ್ಕಳು ಹಾಗೆ ಹೋಗುವುದಿಲ್ಲ, ಆರೂ ತರಗತಿಗಳಿಂದ ಆರಾರು ಜನ ಹೋಗುತ್ತಾರೆ. 72 ಇದ್ದದ್ದು 66 ಆಯಿತು. ಮೂರು ಸೆಕ್ಷನ್ನಿನಲ್ಲಿ ತಲಾ 22. ಎರಡೇ ಸೆಕ್ಷನ್ ಮಾಡೋಣವೆಂದರೆ ತಲಾ 33 ಆಗುತ್ತದೆ. ಕೆಳಗಿನ ತರಗತಿಗೆ ಅದನ್ನು ಕಾನೂನೂ ಒಪ್ಪದು, ಯೂನಿಯನ್ನಿನ ಕರಾರೂ ಒಪ್ಪದು, ನೀವೂ ಒಪ್ಪುವುದಿಲ್ಲ. ಹಾಗಾಗಿ ಹದಿನೆಂಟೂ ಟೀಚರುಗಳು ಬೇಕು. ಪ್ರಿನ್ಸಿಪಾಲರು ಬೇಕು, ಆಫೀಸಿನವರು ಬೇಕು, ಕಸ ಗುಡಿಸುವವರು ಬೇಕು. ಸೂರು ಸೋರುವುದೂ 36 ಮಕ್ಕಳು ಹೋದರೆಂದು ನಿಲ್ಲುವುದಿಲ್ಲ. ಆದಾಯದಲ್ಲಿ ಮಾತ್ರ ವರ್ಷಕ್ಕೆ ಮೂರೂವರೆ ಲಕ್ಷ ಡಾಲರಿಗೂ ಮಿಗಿಲಾಗಿ ಖೋತಾ. ಇಂಥ ಇಪ್ಪತ್ತು ಶಾಲೆಗಳಿರುವ ಡಿಸ್ಟ್ರಿಕ್ಟಾದರೆ 70 ಲಕ್ಷ.

ಈ ಪೆಟ್ಟು ತಕ್ಷಣ ಬೀಳದಂತೆ ರಾಜ್ಯ ಒಂದು ದಿಂಬು ಇಟ್ಟಿದೆ. ಈ ವರ್ಷದ್ದು, ಹೋದ ವರ್ಷದ್ದು, ಹಿಂದಿನ ಮೂರು ವರ್ಷದ ಸರಾಸರಿ, ಈ ಮೂರರಲ್ಲಿ ಯಾವುದು ಹೆಚ್ಚೋ ಆ ಮಕ್ಕಳ ಲೆಕ್ಕಕ್ಕೆ ದುಡ್ಡು. ಒಳ್ಳೆಯ ಉದ್ದೇಶವೇ. ಆದರೆ ಇಲ್ಲದ ಮಕ್ಕಳ ದುಡ್ಡು ಇನ್ನೂ ಬರುತ್ತಿರುವಾಗ ಬೋರ್ಡಿಗೆ ಎಚ್ಚರವಾಗುವುದಿಲ್ಲ. ಎಚ್ಚರವಾಗುವ ಹೊತ್ತಿಗೆ ಮೂರು ವರ್ಷ ಕಳೆದು, ಇಳಿಜಾರು ಕಡಿದಾಗಿರುತ್ತದೆ. ಈ ದಿಂಬಿನ ಮೇಲೆ ನಿದ್ದೆ ಹೋದವರನ್ನು ನಾನು ಕಂಡಿದ್ದೇನೆ.

ಇನ್ನು ಕೊಟ್ಟ ಮಾತುಗಳ ವಿಷಯ. ಡಿಸ್ಟ್ರಿಕ್ಟಿನ ಖರ್ಚಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಮನುಷ್ಯರದ್ದು: ಸಂಬಳ, ಆರೋಗ್ಯ ವಿಮೆ, ಪಿಂಚಣಿ. ಟೀಚರುಗಳ ಸಂಬಳ ಒಂದು ಕೋಷ್ಟಕದ ಪ್ರಕಾರ ನಡೆಯುತ್ತದೆ. ವರ್ಷ ಕಳೆದರೆ ಕೋಷ್ಟಕದಲ್ಲಿ ಒಂದು ಸಾಲು ಕೆಳಕ್ಕೆ, ಹೆಚ್ಚು ಓದಿದರೆ ಒಂದು ಕಾಲಮ್ ಪಕ್ಕಕ್ಕೆ, ಎರಡರಲ್ಲೂ ಸಂಬಳ ಏರುತ್ತದೆ. ಆಫೀಸಿನಲ್ಲಿ ನಾವು ಸ್ಟೆಪ್ ಅಂಡ್ ಕಾಲಮ್ ಎನ್ನುತ್ತಿದ್ದೆವು. ಬೋರ್ಡ್ ಒಂದು ಪೈಸೆ ಸಂಬಳ ಏರಿಸದಿದ್ದರೂ ಈ ಕೋಷ್ಟಕದಿಂದಲೇ ಖರ್ಚು ಏರುತ್ತದೆ. ಮಕ್ಕಳು ಹೆಚ್ಚುತ್ತಿರುವ ಊರಿನಲ್ಲಿ ಹೊಸ, ಕಡಿಮೆ ಸಂಬಳದ ಟೀಚರುಗಳು ಬಂದು ಸರಾಸರಿ ಸರಿದೂಗುತ್ತದೆ. ಇಳಿಯುತ್ತಿರುವ ಊರಿನಲ್ಲಿ ಹೊಸಬರು ಬರುವುದೇ ಇಲ್ಲ. ಮಾರ್ಚ್ 15ರೊಳಗೆ ಕೊಡಬೇಕಾದ ಲೇಆಫ್ ನೋಟಿಸು ಹೋಗುವುದೂ ಕಡೆಗೆ ಸೇರಿದವರಿಗೇ ಮೊದಲು. ಅಲ್ಲಿಗೆ ಕಡಿಮೆ ಸಂಬಳದವರು ಹೋಗಿ, ದುಬಾರಿ ಸಿಬ್ಬಂದಿ ಉಳಿಯುತ್ತದೆ. ಹಿರಿಯ ಟೀಚರು ಬೇಡವೆಂದಲ್ಲ ನನ್ನ ಮಾತು. ಈ ಕೌಂಟಿಯಲ್ಲಿ ಬಾಡಿಗೆ ಕಟ್ಟಿ ಬದುಕಲು ಆ ಸಂಬಳವೂ ಸಾಲದು. ಅವರಿಗೆ ಕೊಡುವುದು ಹೆಚ್ಚು ಎನಿಸುವುದು ಡಿಸ್ಟ್ರಿಕ್ಟಿನ ಲೆಕ್ಕದ ಪುಸ್ತಕದಲ್ಲಿ ಮಾತ್ರ.

ಪಿಂಚಣಿಯ ಕಥೆ ನನ್ನ ಕಾಲದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್ಯದ ಟೀಚರುಗಳ ಪಿಂಚಣಿ ನಿಧಿ ಕ್ಯಾಲ್‌ಸ್ಟರ್ಸ್. ವರ್ಷಗಟ್ಟಲೆ ಬೇಕಾದಷ್ಟು ದುಡ್ಡು ಕೂಡಿಸದೆ ಬಿಟ್ಟು, 2014ರ ಹೊತ್ತಿಗೆ ಅದರಲ್ಲಿ 7,400 ಕೋಟಿ ಡಾಲರಿನಷ್ಟು ಕೊರತೆ ಬಿದ್ದಿತ್ತು. ಆ ವರ್ಷ ಕಾನೂನು ಮಾಡಿ ಡಿಸ್ಟ್ರಿಕ್ಟುಗಳ ವಂತಿಗೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಸಂಬಳದ ಶೇ 8.25 ಇದ್ದದ್ದು ಈಗ ಶೇ 19.1. ಟೀಚರಲ್ಲದ ನೌಕರರದ್ದು ಬೇರೆ ನಿಧಿ. ಅಲ್ಲಿ ಇನ್ನೂ ಜೋರು, ಶೇ 11ರ ಆಸುಪಾಸಿನಿಂದ ಶೇ 27ಕ್ಕೆ ಹೋಗಿದೆ. ಟೀಚರುಗಳಿಗೆ ವರ್ಷಕ್ಕೆ 10 ಕೋಟಿ ಡಾಲರ್ ಸಂಬಳ ಕೊಡುವ ಡಿಸ್ಟ್ರಿಕ್ಟ್ ಇದೆಯೆನ್ನಿ. ಅದು ಮುಂಚೆ 82 ಲಕ್ಷ ಚಿಲ್ಲರೆ ಕಟ್ಟುತ್ತಿತ್ತು, ಈಗ 1 ಕೋಟಿ 91 ಲಕ್ಷ. ಆ ಒಂದು ಕೋಟಿ ಚಿಲ್ಲರೆ ಯಾವ ತರಗತಿಯಲ್ಲೂ ಕಾಣುವುದಿಲ್ಲ. ಮಗುವಿನ ಕೈಗೆ ಒಂದು ಪುಸ್ತಕ ಹೆಚ್ಚು ಬರಲಿಲ್ಲ, ಟೀಚರ ಕೈಗೆ ಒಂದು ಡಾಲರ್ ಹೆಚ್ಚು ಬರಲಿಲ್ಲ. ಹಳೇ ಬಾಕಿ ತೀರುತ್ತಿದೆ, ಅಷ್ಟೇ. ರಾಜ್ಯ ಶಾಲೆಗಳಿಗೆ ದಾಖಲೆ ಮೊತ್ತ ಕೊಡುತ್ತಿದೆ ಎಂದು ಪತ್ರಿಕೆಯಲ್ಲಿ ಓದುತ್ತಿದ್ದ ಜನ ನಮ್ಮ ಆಫೀಸಿಗೆ ಬಂದು ರೇಗುತ್ತಿದ್ದದ್ದು ಆಗಲೇ. ಪತ್ರಿಕೆಯ ಮಾತೂ ನಿಜ, ದುಡ್ಡಿಲ್ಲ ಎಂಬ ನಮ್ಮ ಮಾತೂ ನಿಜವಾಗಿತ್ತು.

ವಿಶೇಷ ಶಿಕ್ಷಣದ್ದು ಇನ್ನೊಂದು ಬಗೆ. ಅಂಗವೈಕಲ್ಯವಿರುವ ಪ್ರತಿ ಮಗುವಿಗೂ ಅದಕ್ಕೆ ಬೇಕಾದ ಶಿಕ್ಷಣ ಕೊಡಲೇಬೇಕೆಂದು ಅಮೆರಿಕದ ಸಂಸತ್ತು 1975ರಲ್ಲಿ ಕಾನೂನು ಮಾಡಿತು. ತಾಯಿಯಂಥ ಕಾನೂನು, ಎರಡು ಮಾತಿಲ್ಲ. ಹೆಚ್ಚುವರಿ ಖರ್ಚಿಗೆಂದು, ದೇಶದ ಶಾಲೆಗಳು ಒಂದು ಮಗುವಿಗೆ ಮಾಡುವ ಸರಾಸರಿ ಖರ್ಚಿನ ಶೇ 40ರವರೆಗೆ ಕೇಂದ್ರವೇ ಕೊಡುತ್ತದೆ ಎಂದು ಆಗ ಮಾತಾಗಿತ್ತು. ಐವತ್ತು ವರ್ಷವಾಯಿತು, ಈಚಿನ ವರ್ಷಗಳಲ್ಲಿ ಅದು ಶೇ 15ನ್ನೂ ಮುಟ್ಟುತ್ತಿಲ್ಲ. ಮಗುವಿಗೆ ಸ್ಪೀಚ್ ಥೆರಪಿಸ್ಟ್ ಬೇಕೆಂದು ಬರೆದು ಸಹಿ ಹಾಕಿದ ಮೇಲೆ ದುಡ್ಡಿಲ್ಲ ಎನ್ನುವಂತಿಲ್ಲ, ಎನ್ನಲೂ ಬಾರದು. ಹಾಗಾಗಿ ಸಾಮಾನ್ಯ ನಿಧಿಯಿಂದ ತೆಗೆದು ತುಂಬುತ್ತಾರೆ. ಆಫೀಸಿನಲ್ಲಿ ಇದಕ್ಕೆ ಎನ್‌ಕ್ರೋಚ್‌ಮೆಂಟ್ ಎಂಬ ಹೆಸರಿತ್ತು. ಬೆಂಗಳೂರಿನಲ್ಲಿ ಕೆರೆ ಒತ್ತುವರಿ ಎನ್ನುತ್ತೇವಲ್ಲ, ಆ ಒತ್ತುವರಿ. ನನಗೆ ಆ ಪದ ಯಾವತ್ತೂ ಹಿಡಿಸಲಿಲ್ಲ. ಒತ್ತುವರಿ ಮಾಡಿದ್ದು ಮಗು ಅಲ್ಲ, ಮಾತು ಕೊಟ್ಟು ತಪ್ಪಿದವರು.

ಇವೆಲ್ಲ ನಿಧಾನವಾಗಿ ಏರುವ ಖರ್ಚುಗಳು. ಅವುಗಳ ಮೇಲೆ 2020ರ ಬಳಿಕ ಒಂದು ಮೋಸದ ಸುಗ್ಗಿ ಬಂತು. ಕೋವಿಡ್ ಪರಿಹಾರವೆಂದು ಕೇಂದ್ರ ಸರ್ಕಾರ ಮೂರು ಕಂತಿನಲ್ಲಿ ದೇಶದ ಶಾಲೆಗಳಿಗೆ ಸುಮಾರು 19 ಸಾವಿರ ಕೋಟಿ ಡಾಲರ್ ಕೊಟ್ಟಿತು. ಕೊನೆಯ ಕಂತನ್ನು ಯಾವುದಕ್ಕೆಂದು ಗೊತ್ತುಮಾಡಲು 2024ರ ಸೆಪ್ಟೆಂಬರ್ 30 ಕಡೆಯ ದಿನವಾಗಿತ್ತು. ಒಂದೇ ಸಲ ಬರುವ ದುಡ್ಡು ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದಿತ್ತು. ಆದರೂ ಎಷ್ಟೋ ಕಡೆ ಅದರಲ್ಲಿ ಕೌನ್ಸೆಲರುಗಳನ್ನು, ಸಹಾಯಕ ಟೀಚರುಗಳನ್ನು ನೇಮಿಸಿದರು. ದೀಪಾವಳಿ ಬೋನಸ್ ನಂಬಿ ಐದು ವರ್ಷದ ಇಎಂಐಗೆ ಸಹಿ ಹಾಕಿದ ಹಾಗೆ. ಅದೇ ಹೊತ್ತಿಗೆ ರಾಜ್ಯವೂ ಧಾರಾಳವಾಗಿತ್ತು. ಬೆಲೆ ಏರಿಕೆಗೆ ತಕ್ಕಂತೆ ಕೊಡುವ ಹೆಚ್ಚಳ 2022-23ರಲ್ಲಿ ಶೇ 6.56, ಮರುವರ್ಷ ಶೇ 8.22. ಯೂನಿಯನ್ನುಗಳು ಕೇಳಿದವು, ಬೋರ್ಡುಗಳು ಕೊಟ್ಟವು. 2024-25ರಲ್ಲಿ ಅದು ಶೇ 1.07ಕ್ಕೆ ಬಂದು ನಿಂತಿತು. ಕೊಟ್ಟ ಸಂಬಳ ಹಿಂದಕ್ಕೆ ಬರುವುದಿಲ್ಲವಲ್ಲ. ನಿಮ್ಮ ಡಿಸ್ಟ್ರಿಕ್ಟಿನ ಮೂರು ವರ್ಷದ ಗೋಳು ಶುರುವಾದ ಕಾಲವನ್ನು ಇದರ ಪಕ್ಕ ಇಟ್ಟು ನೋಡಿ.

ಇಂಥ ಇಳಿಜಾರಿನ ತಳ ಹೇಗಿರುತ್ತದೆ ಎಂಬುದಕ್ಕೆ ಓಕ್‌ಲ್ಯಾಂಡ್ ಇದೆ. 2003ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಸಂಬಳ ಕೊಡಲಾರದ ಸ್ಥಿತಿಗೆ ಬಂದಾಗ ರಾಜ್ಯ 10 ಕೋಟಿ ಡಾಲರ್ ಸಾಲ ಕೊಟ್ಟು ಆಡಳಿತವನ್ನು ತಾನೇ ವಹಿಸಿಕೊಂಡಿತು. ಚುನಾಯಿತ ಬೋರ್ಡಿಗೆ ಹೆಸರಷ್ಟೇ ಉಳಿಯಿತು. ಕಡೆಯ ಕಂತು ತೀರಿದ್ದು 2025ರಲ್ಲಿ. ಆ ಇಪ್ಪತ್ತೆರಡು ವರ್ಷದಲ್ಲಿ ಅಲ್ಲಿ ಓದು ಮುಗಿಸಿದ ಎಷ್ಟೋ ಮಕ್ಕಳು ಸಾಲವಿಲ್ಲದ ಡಿಸ್ಟ್ರಿಕ್ಟನ್ನು ಕಂಡೇ ಇಲ್ಲ. ನಡುವೆ ಸರ್ಕಾರದ ದುಡ್ಡಿನಲ್ಲೇ ಆದರೆ ಬೇರೆ ಆಡಳಿತದಲ್ಲಿ ನಡೆಯುವ ಚಾರ್ಟರ್ ಶಾಲೆಗಳು ಬೆಳೆದು, ಊರಿನ ಮಕ್ಕಳಲ್ಲಿ ದೊಡ್ಡ ಪಾಲು ಅಲ್ಲಿಗೆ ಹೋಯಿತು. ಉಳಿದವರು 34 ಸಾವಿರದ ಆಸುಪಾಸು, ಅವರಿಗೆ ಎಂಬತ್ತರ ಹತ್ತಿರ ಶಾಲೆಗಳು. 2022ರ ಫೆಬ್ರವರಿಯಲ್ಲಿ ಕೆಲವನ್ನು ಮುಚ್ಚುವ ತೀರ್ಮಾನವಾಯಿತು. ಇಬ್ಬರು ಟೀಚರುಗಳು ಉಪವಾಸ ಕೂತರು, ಪೋಷಕರು ಬೀದಿಗಿಳಿದರು, ಚುನಾವಣೆಯಲ್ಲಿ ಬೋರ್ಡ್ ಬದಲಾಯಿತು. ಹೊಸ ಬೋರ್ಡ್ 2023ರ ಜನವರಿಯಲ್ಲಿ ಉಳಿದ ಶಾಲೆಗಳ ಮುಚ್ಚುವಿಕೆಯನ್ನು ರದ್ದು ಮಾಡಿತು. ಪೋಷಕರ ಸಿಟ್ಟು ನನಗೆ ಅರ್ಥವಾಗುತ್ತದೆ. ಮುಚ್ಚುವ ಪಟ್ಟಿಯಲ್ಲಿ ಹೆಚ್ಚಾಗಿ ಬರುವುದು ಬಡ ಬಡಾವಣೆಯ ಶಾಲೆಗಳೇ. ಆದರೆ ಆ ರದ್ದತಿಯ ಠರಾವಿನಲ್ಲಿ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಅದಕ್ಕೂ ಹಿಂದಿನದು ಇದೇ ರಾಜ್ಯದ ರಿಚ್ಮಂಡ್. 1991ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ದುಡ್ಡು ಮುಗಿಯಿತೆಂದು ಶಾಲಾ ವರ್ಷವನ್ನು ಆರು ವಾರ ಮೊದಲೇ ಮುಗಿಸಹೊರಟಿತ್ತು. ಕೋರ್ಟು ತಡೆಯಿತು. ಡಿಸ್ಟ್ರಿಕ್ಟುಗಳು ಮುಂದಿನ ಎರಡು ವರ್ಷದ ಅಂದಾಜು ಸಮೇತ ವರ್ಷಕ್ಕೆ ಎರಡು ಸಲ ಲೆಕ್ಕ ಒಪ್ಪಿಸಬೇಕೆಂಬ ಕಾನೂನು ಬಂದದ್ದು ಆ ಗದ್ದಲದಿಂದ. ಅದರಿಂದ ನಿಮಗೊಂದು ಉಪಕಾರವಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹೊಸ ಕಟ್ಟಡದ ವಿಷಯ ಚುಟುಕಾಗಿ. ಅದು ಬಾಂಡಿನ ದುಡ್ಡು. ಮತದಾರರು ಶೇ 55 ಮತ ಕೊಟ್ಟು ಒಪ್ಪಿದ ಸಾಲ. ಕಟ್ಟಡಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ, ಅದರಲ್ಲಿ ಲೈಬ್ರರಿಯವರ ಸಂಬಳ ಕೊಟ್ಟರೆ ಕಾನೂನು ಮುರಿದಂತೆ. ಸಂಬಳಕ್ಕೆ ಸ್ಥಳೀಯವಾಗಿ ದುಡ್ಡು ಎತ್ತಬೇಕಾದರೆ ಪಾರ್ಸೆಲ್ ಟ್ಯಾಕ್ಸ್ (ಪ್ರತಿ ಆಸ್ತಿಯ ತುಂಡಿಗೆ ಇಷ್ಟೆಂದು ಹಾಕುವ ತೆರಿಗೆ) ಬೇಕು, ಅದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕು. ಗೋಡೆಗೆ ಶೇ 55 ಸಾಕು, ಗೋಡೆಯೊಳಗಿನ ಮನುಷ್ಯರಿಗೆ ಸಾಲದು. ಎದುರು ಮನೆಯ ಅಜ್ಜನೂ ಮತದಾರರೇ ಎಂಬುದು ನೆನಪಿರಲಿ. ಲಾಟರಿ ದುಡ್ಡು ಶಾಲೆಗೆ ಹೋಗುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಹೋಗುತ್ತದೆ, ಒಟ್ಟು ಆದಾಯದ ನೂರರಲ್ಲಿ ಒಂದರ ಲೆಕ್ಕದಲ್ಲಿ.

ಶಾಲೆ ಮುಚ್ಚಿದರೆ ಎಷ್ಟು ಉಳಿಯುತ್ತದೆ? ಜನ ಅಂದುಕೊಂಡಷ್ಟಿಲ್ಲ. ಟೀಚರುಗಳು ಮಕ್ಕಳ ಜೊತೆಗೇ ಪಕ್ಕದ ಶಾಲೆಗೆ ಹೋಗುತ್ತಾರೆ. ಉಳಿಯುವುದು ಒಬ್ಬ ಪ್ರಿನ್ಸಿಪಾಲರ, ಆಫೀಸಿನ, ಶುಚಿ ಮಾಡುವವರ ಸಂಬಳ, ಕರೆಂಟು ಬಿಲ್ಲು, ಜೊತೆಗೆ ಸೆಕ್ಷನ್ನುಗಳು ತುಂಬಿಕೊಂಡು ಮಿಗುವ ಎರಡು ಮೂರು ಟೀಚರ ಹುದ್ದೆ. ನನ್ನ ಅನುಭವದಲ್ಲಿ ಅದು ಹತ್ತು ಲಕ್ಷ ಡಾಲರ್ ಮುಟ್ಟಿದರೆ ದೊಡ್ಡ ಮಾತು. ಸಿಟ್ಟಾಗಿ ನಾಲ್ಕು ಸಂಸಾರ ಬೇರೆ ಕಡೆ ಹೋದರೆ ಅದರಲ್ಲೂ ಒಂದಿಷ್ಟು ಹೋಯಿತು. ಆದರೂ ಮುಚ್ಚುವುದು ತಪ್ಪೆಂದು ಹೇಳಲಾರೆ. ಅರ್ಧ ಖಾಲಿಯಾದ ಆರು ಶಾಲೆ ನಡೆಸುವುದಕ್ಕಿಂತ ತುಂಬಿದ ನಾಲ್ಕರಲ್ಲಿ ಲೈಬ್ರರಿಯವರನ್ನೂ ಸಂಗೀತದ ಮೇಷ್ಟ್ರನ್ನೂ ಉಳಿಸಿಕೊಳ್ಳಬಹುದು. ಮುಚ್ಚುವುದಾದರೆ ಒಂದೇ ಸಲ, ಬೇಗ, ಕಾರಣ ಹೇಳಿ ಮುಚ್ಚಬೇಕು. ವರ್ಷಕ್ಕೊಂದರಂತೆ ಮುಚ್ಚುತ್ತಾ ಹೋದರೆ ಮುಂದಿನದು ನಮ್ಮದೇ ಎಂಬ ಅಂಜಿಕೆಗೇ ಜನ ಊರು ಬಿಡುತ್ತಾರೆ.

ನಮ್ಮವರಿಗೆ ಸಂಬಂಧಿಸಿದ ಒಂದು ಮಾತು ಇಲ್ಲಿ ಸೇರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೇಲೆ ತಲೆ ಎಣಿಸಿ ಎಂದೆನಲ್ಲ, ಕ್ಯಾಲಿಫೋರ್ನಿಯಾದಲ್ಲಿ ಎಣಿಸುವುದು ಹೆಸರು ಬರೆಸಿದ ಮಕ್ಕಳನ್ನಲ್ಲ, ಆ ದಿನ ಬಂದ ಮಕ್ಕಳನ್ನು. ವರ್ಷಕ್ಕೆ ಸುಮಾರು 180 ದಿನ. ಒಂದು ದಿನ ತಪ್ಪಿದರೆ 60 ಡಾಲರಿನ ಹತ್ತಿರ ಖೋತಾ, ಕಾಯಿಲೆಯ ರಜೆಯಾದರೂ ಅಷ್ಟೇ. ಡಿಸೆಂಬರಿನಲ್ಲಿ ಟಿಕೆಟ್ ಅಗ್ಗವೆಂದು ರಜೆಗೆ ಮುಂಚೆ ಒಂದು ವಾರ, ಸಂಕ್ರಾಂತಿ ಮುಗಿಸಿ ಬರೋಣವೆಂದು ಆಮೇಲೆ ಎರಡು ವಾರ ಸೇರಿಸಿ ಊರಿಗೆ ಹೋಗುತ್ತೇವೆ. ಹದಿನೈದು ದಿನಕ್ಕೆ ಒಂದು ಮಗುವಿನ ಲೆಕ್ಕದಲ್ಲಿ ಸುಮಾರು 900 ಡಾಲರ್ ಆಯಿತು. ಇಂಥ ಇನ್ನೂರು ಮನೆಗಳಿರುವ ಡಿಸ್ಟ್ರಿಕ್ಟುಗಳನ್ನು ನಾನು ಬಲ್ಲೆ. ಅಜ್ಜಿಯನ್ನು ನೋಡಲು ಹೋಗಬೇಡಿ ಎನ್ನುವಷ್ಟು ಕಟುಕ ನಾನಲ್ಲ. ಹೊರಡುವ ಮುಂಚೆ ಆಫೀಸಿಗೆ ಹೋಗಿ ಇಂಡಿಪೆಂಡೆಂಟ್ ಸ್ಟಡಿಯ ಕರಾರಿಗೆ ಸಹಿ ಹಾಕಿ. ಮಗು ಅಲ್ಲಿಂದ ಪಾಠ ಮಾಡಿ ಒಪ್ಪಿಸಿದರೆ ಹಾಜರಿ ಸಿಗುತ್ತದೆ, ದುಡ್ಡೂ ಬರುತ್ತದೆ. ನನ್ನ ಮಗನನ್ನು ಮೈಸೂರಿಗೆ ಕರೆದೊಯ್ಯುವಾಗ ನಾನೇ ಎರಡು ಸಲ ಇದನ್ನು ಮರೆತಿದ್ದೆ, ಲೆಕ್ಕದ ಆಫೀಸಿನಲ್ಲಿ ಕೂತುಕೊಂಡೇ.

ಈಗ ಆ ಉಪಕಾರದ ಮಾತು. ಪ್ರತಿ ಡಿಸ್ಟ್ರಿಕ್ಟೂ ಡಿಸೆಂಬರ್ ಮಧ್ಯದೊಳಗೆ ಮೊದಲ ಇಂಟರಿಮ್ ವರದಿ, ಅಂದರೆ ವರ್ಷದ ನಡುವಿನ ಲೆಕ್ಕ, ಮಂಡಿಸಲೇಬೇಕು, ಮಾರ್ಚಿನಲ್ಲಿ ಎರಡನೆಯದು. ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ಬೋರ್ಡ್ ಮೀಟಿಂಗಿನ ಕಡತದಲ್ಲಿ ಇರುತ್ತದೆ. ನೂರಾರು ಪುಟ, ಹೆದರಬೇಡಿ. ಮೊದಲ ಪುಟದಲ್ಲಿ ಮೂರರಲ್ಲಿ ಒಂದು ಮಾತು ಇರುತ್ತದೆ: ಪಾಸಿಟಿವ್, ಕ್ವಾಲಿಫೈಡ್, ನೆಗೆಟಿವ್. ಪಾಸಿಟಿವ್ ಎಂದರೆ ಈ ವರ್ಷ, ಮುಂದಿನ ಎರಡು ವರ್ಷ ಬಿಲ್ಲು ಕಟ್ಟುತ್ತೇವೆ ಎಂದು. ಕ್ವಾಲಿಫೈಡ್ ಎಂದರೆ ಕಟ್ಟಲಾರದೆ ಹೋಗಬಹುದು, ನೆಗೆಟಿವ್ ಎಂದರೆ ಕಟ್ಟಲಾರೆವು. ಆಮೇಲೆ ಮೂರು ವರ್ಷದ ಅಂದಾಜಿನ ಪುಟ ಹುಡುಕಿ. ಅದರಲ್ಲಿ ಅನ್‌ರಿಸ್ಟ್ರಿಕ್ಟೆಡ್, ಅಂದರೆ ಕಟ್ಟುಪಾಡಿಲ್ಲದ ದುಡ್ಡು, ಎಂಬ ಕಾಲಮ್ ಮಾತ್ರ ನೋಡಿ. ಇಂಥದ್ದಕ್ಕೇ ಎಂದು ಕಟ್ಟಿಹಾಕಿದ ದುಡ್ಡನ್ನು ಸೇರಿಸಿ ನೋಡಿದರೆ ಎಲ್ಲ ಡಿಸ್ಟ್ರಿಕ್ಟೂ ಸಿರಿವಂತವೇ. ಪ್ರತಿ ವರ್ಷ ಖರ್ಚು ಆದಾಯಕ್ಕಿಂತ ಎಷ್ಟು ಹೆಚ್ಚು, ಆಪದ್ಧನ ಎಷ್ಟಕ್ಕೆ ಇಳಿಯುತ್ತಿದೆ ಎಂಬುದು ಅಲ್ಲಿ ಸಿಗುತ್ತದೆ. ನಿಮ್ಮಂಥ ಮಧ್ಯಮ ಗಾತ್ರದ ಡಿಸ್ಟ್ರಿಕ್ಟಿಗೆ ಖರ್ಚಿನ ಶೇ 3 ಆಪದ್ಧನ ಕಡ್ಡಾಯ. ಶೇ 3 ಎಂದರೆ ಎರಡು ವಾರದ ಸಂಬಳಕ್ಕೂ ಸಾಲದು, ಅದನ್ನು ಭದ್ರತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕೊನೆಯದಾಗಿ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ಊಹೆಗಳನ್ನು ಓದಿ. ಮೂರನೆಯ ವರ್ಷ ಎಷ್ಟು ಮಕ್ಕಳಿರುತ್ತಾರೆ ಎಂದುಕೊಂಡಿದ್ದಾರೆ? ಇಳಿಯುತ್ತಾ ಬಂದ ಗೆರೆ ಮೂರನೆಯ ವರ್ಷ ಇದ್ದಕ್ಕಿದ್ದಂತೆ ಮಟ್ಟಸವಾಗಿದ್ದರೆ ಮೀಟಿಂಗಿನಲ್ಲಿ ಎದ್ದು ಯಾಕೆಂದು ಕೇಳಿ. ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಈಗ ಟಿಕೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) ತರಗತಿ ಇರುವುದರಿಂದ ತಲೆ ಸ್ವಲ್ಪ ಹೆಚ್ಚುವುದುಂಟು, ಆದರೆ ಅಲ್ಲಿ ಒಬ್ಬ ದೊಡ್ಡವರಿಗೆ ಹತ್ತೇ ಮಕ್ಕಳು, ಖರ್ಚೂ ಹೆಚ್ಚುತ್ತದೆ. ಮಾತಾಡಲು ಎರಡೋ ಮೂರೋ ನಿಮಿಷ ಕೊಡುತ್ತಾರೆ. ಯಾರು ತಿಂದರು ಎಂದು ಕೇಳಿದರೆ ಅಷ್ಟೂ ಹೊತ್ತು ವ್ಯರ್ಥ, ಮೂರನೆಯ ವರ್ಷದ ಮಕ್ಕಳ ಸಂಖ್ಯೆ ಕೇಳಿದರೆ ಲೆಕ್ಕದವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ನಾನು ಕೂತಿದ್ದೇನೆ.

ಡೊನೇಶನ್ ಬಗ್ಗೆ: ಕೊಡುವ ಶಕ್ತಿಯಿದ್ದರೆ ಕೊಡಿ, ಆದರೆ ಏನಕ್ಕೆ ಕೊಡುತ್ತಿದ್ದೀರಿ ಎಂದು ತಿಳಿದು ಕೊಡಿ. ಅದು ಡಿಸ್ಟ್ರಿಕ್ಟಿನ ಕೊರತೆ ತುಂಬುವುದಿಲ್ಲ. ಸಂಗೀತ, ವಿಜ್ಞಾನದ ಲ್ಯಾಬು, ಓದಿನ ಸಹಾಯಕರು, ಹೀಗೆ ಎರಡು ಮೂರು ಹುದ್ದೆಗಳನ್ನು ಒಂದು ವರ್ಷದ ಮಟ್ಟಿಗೆ ಉಳಿಸುತ್ತದೆ. ಎಲ್ಲ ಶಾಲೆಗೂ ಹಂಚುತ್ತಾರೋ, ಕೊಟ್ಟವರ ಶಾಲೆಗೆ ಮಾತ್ರವೋ ಎಂದು ವಿಚಾರಿಸಿ. ಹಂಚುವುದಾದರೆ ನನ್ನ ಮಟ್ಟಿಗೆ ಅದು ಕೊಡಬಹುದಾದ ದುಡ್ಡು. ಈ ಸಲದ ಚೆಕ್ ಬರೆಯುವ ಮುಂಚೆ ಡಿಸೆಂಬರಿನ ವರದಿ ಬರುವ ತನಕ ಕಾಯಿರಿ. ಅಂದಾಜಿನ ಪುಟದ ಲೆಕ್ಕ ಅರ್ಥವಾಗದಿದ್ದರೆ ಅದೊಂದು ಪುಟ ಕಳಿಸಿ, ನೋಡಿ ಹೇಳುತ್ತೇನೆ.